10×14ರ ಹಜಾರ, 10×10ರ ಕೋಣೆ, ಐದು ಜನ: ಬಾಡಿಗೆ ಮನೆಯನ್ನು ಹೇಗೆ ಹೊಂದಿಸಿಕೊಳ್ಳುವುದು?

ವಿಜಯನಗರ ಮೊದಲ ಮಹಡಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ 20×30 ನಿವೇಶನದ ಮೇಲೆ ಕಟ್ಟಿದ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಹಜಾರ 10×14 ಅಡಿ, ಮಲಗುವ ಕೋಣೆ 10×10, ಅಡುಗೆಮನೆ 6×8. ಬಚ್ಚಲು ಒಂದೇ, ಅದರ ಬಾಗಿಲು ಹಜಾರಕ್ಕೆ ತೆರೆಯುತ್ತದೆ. ನಾನು, ಗಂಡ, ಒಂಬತ್ತನೇ ತರಗತಿಯ ಮಗಳು, ನಾಲ್ಕನೇ ತರಗತಿಯ ಮಗ. ಮುಂದಿನ ತಿಂಗಳು ಅತ್ತೆ ಅರಕಲಗೂಡಿನ ಮನೆ ಬಿಟ್ಟು ನಮ್ಮ ಜೊತೆಗೇ ಇರಲು ಬರುತ್ತಿದ್ದಾರೆ. ಅವರಿಗೆ ಮಂಡಿನೋವು; ನೆಲದ ಮೇಲೆ ಕುಳಿತರೆ ಏಳಲು ಇಬ್ಬರು ಕೈ ಕೊಡಬೇಕು.

ಕೋಣೆಯಲ್ಲಿ 5×6 ಅಡಿಯ ಮಂಚ ಮತ್ತು ಕಬ್ಬಿಣದ ಬೀರು ಇವೆ. ಒಂದು ಗೋಡೆಯ ಉದ್ದಕ್ಕೂ ಬಾಗಿಲಿಲ್ಲದ ಕಡಪ ಕಲ್ಲಿನ ಕಪಾಟು, ಅದರ ಮೇಲೆ ಸಜ್ಜೆ. ಹಜಾರದಲ್ಲಿ ಮೂವರು ಕೂರುವ ಸೋಫಾ, ಊಟದ ಮೇಜು, ಟಿವಿ ಸ್ಟ್ಯಾಂಡು. ಅತ್ತೆಯ ಜೊತೆ ಬೀಟೆ ಮರದ ಒಂದು ಪೆಟ್ಟಿಗೆ, ತಾಮ್ರದ ಹಂಡೆ, ದಸರಾ ಗೊಂಬೆಗಳು ಬರುತ್ತವೆ. ಅವನ್ನು ಬಿಟ್ಟು ಬನ್ನಿ ಎಂದು ನಾನು ಹೇಳುವುದಿಲ್ಲ.

ದೊಡ್ಡ ಮನೆ ನೋಡಿ ಎಂದು ದಯವಿಟ್ಟು ಬರೆಯಬೇಡಿ. ಮಗಳ ಶಾಲೆ ನಡೆದು ಹೋಗುವಷ್ಟು ಹತ್ತಿರದಲ್ಲಿದೆ, ಮುಂದಿನ ವರ್ಷ ಅವಳಿಗೆ ಎಸ್‌ಎಸ್‌ಎಲ್‌ಸಿ. ಈ ಬಾಡಿಗೆಗೆ ಈ ಬಡಾವಣೆಯಲ್ಲಿ ಬೇರೆ ಮನೆ ಸಿಗುವುದಿಲ್ಲ. ಗೋಡೆಗೆ ಹೊಸ ಮೊಳೆ ಹೊಡೆಯಬಾರದು ಎಂದು ಮಾಲೀಕರು ಕರಾರಿನಲ್ಲೇ ಬರೆಸಿದ್ದಾರೆ. ಇಷ್ಟರೊಳಗೆ ಅತ್ತೆಗೆ ಮಂಚ, ಮಗಳಿಗೆ ಓದುವ ಜಾಗ ಹೇಗೆ ಮಾಡಲಿ?

ಗವಿಪುರದ ವಠಾರ

ಅಳತೆ ಪಟ್ಟಿ ಆಮೇಲೆ ಹಿಡಿಯಿರಿ, ಮೊದಲು ಗಡಿಯಾರ ನೋಡಿ. ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ಯಾವ ಗಂಟೆಯಲ್ಲಿ ಯಾರು ಎಲ್ಲಿರುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಚಿಕ್ಕ ಮನೆಯಲ್ಲಿ ಸಾಮಾನಿಗೆ ಜಾಗ ಸಾಲದು ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಸಾಲದೆ ಬರುವುದು ನೆಲ, ಅದೂ ಕೆಲವು ಗಂಟೆಗಳಲ್ಲಿ ಮಾತ್ರ. ನಿಮ್ಮ ಊಟದ ಮೇಜು ದಿನದಲ್ಲಿ ಒಂದೂವರೆ ಗಂಟೆ ಕೆಲಸ ಮಾಡುತ್ತದೆ, ಇಪ್ಪತ್ತನಾಲ್ಕು ಗಂಟೆ ನೆಲ ಹಿಡಿಯುತ್ತದೆ.

ನಾನು ಬೆಳೆದದ್ದು ವಠಾರದಲ್ಲಿ. ಒಂದು ನಡುಮನೆ, ಒಂದು ಅಡುಗೆಮನೆ, ಅಷ್ಟೇ. ಬೆಳಗ್ಗೆ ಹಾಸಿಗೆಗಳನ್ನು ಸುತ್ತಿ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿ ಮೇಲೊಂದು ಜಮಖಾನ ಹೊದಿಸಿದರೆ ಅದೇ ಬಂದವರಿಗೆ ಒರಗುವ ಜಾಗ. ಅದೇ ನೆಲದಲ್ಲಿ ಊಟ, ಅಲ್ಲೇ ಪಾಠ, ಬೇಸಿಗೆಯಲ್ಲಿ ಅಲ್ಲೇ ಹಪ್ಪಳ ಒತ್ತುವುದು. ದೀಪಕ್ಕೂ ದೇವರಿಗೂ ಗೋಡೆಯಲ್ಲಿ ಗೂಡು, ಬೇಳೆಯ ಡಬ್ಬಕ್ಕೆ ನಾಗಂದಿಗೆ, ಹಾಲು ಮೊಸರಿಗೆ ನೆಲುವು, ಒದ್ದೆ ಬಟ್ಟೆಗೆ ಸೂರಿನಿಂದ ಇಳಿಬಿಟ್ಟ ಗಳ. ನೆಲಕ್ಕೆ ತಾಗುವ ವಸ್ತು ಎಂದರೆ ಒರಳು ಮತ್ತು ಹಂಡೆ ಎರಡೇ. ನಿಮ್ಮ ಹಜಾರದಲ್ಲಿ ನೆಲ ಮುಟ್ಟಿರುವ ಕಾಲುಗಳನ್ನು ಎಣಿಸಿ ನೋಡಿ.

ಮರಗೆಲಸ ಹಾಸನ

ಗಡಿಯಾರದ ಮಾತನ್ನು ಒಪ್ಪುತ್ತೇನೆ. ಅದರ ಮೇಲೆ ಕೆಲವು ಅಳತೆಗಳು. ಇವು ಗೊತ್ತಿಲ್ಲದೆ ಸಾಮಾನು ತಂದು ಬಾಗಿಲು ತೆಗೆಯಲಾಗದೆ ಒದ್ದಾಡಿದ ಮನೆಗಳನ್ನು ಬಹಳ ನೋಡಿದ್ದೇನೆ.

ಬಟ್ಟೆ ತೂಗುಹಾಕುವ ಬೀರುವಿಗೆ 22ರಿಂದ 24 ಅಂಗುಲ ಆಳ ಬೇಕು. ಮಡಚಿಡುವ ಬಟ್ಟೆಗೆ 15 ಅಂಗುಲ ಸಾಕು. ಆದ್ದರಿಂದ ಮಡಚಿಡುವ ಬಟ್ಟೆಯನ್ನೆಲ್ಲ ಕಡಪ ಕಲ್ಲಿನ ಕಪಾಟಿಗೆ ಹಾಕಿ, ಸೀರೆ ಅಂಗಿಗಳನ್ನು ಮಾತ್ರ ಬೀರುವಿನಲ್ಲಿಡಿ. ಬೀರುವಿನ ಬಾಗಿಲು ತೆಗೆದು ಮುಂದೆ ನಿಲ್ಲಲು ಎರಡು ಅಡಿಯಾದರೂ ಬಿಡಬೇಕು. ಮಂಚದ ಪಕ್ಕದಲ್ಲಿ ಒಂದೂವರೆ ಅಡಿ ಇದ್ದರೆ ಹಾಯಬಹುದು, ಹಾಸಿಗೆ ಹಾಸಲು ಮಾತ್ರ ಬೆನ್ನು ನೋಯುತ್ತದೆ. ಜಾರುಬಾಗಿಲಿನ ಬೀರು ಜಾಗ ಉಳಿಸುತ್ತದೆ ಎನ್ನುತ್ತಾರೆ. ಮುಂದಿನ ನೆಲ ಉಳಿಯುತ್ತದೆ ನಿಜ, ಆದರೆ ಹಳಿ ಒಳಗಿನ ಆಳದಲ್ಲಿ ಮೂರು ಅಂಗುಲದಷ್ಟು ತಿನ್ನುತ್ತದೆ, ಒಂದು ಸಲಕ್ಕೆ ಅರ್ಧ ಬೀರು ಮಾತ್ರ ತೆರೆಯುತ್ತದೆ.

ಏನನ್ನೇ ಕೊಳ್ಳುವ ಮೊದಲು ರಂಗೋಲಿ ಪುಡಿ ತೆಗೆದುಕೊಂಡು ಅದರ ಉದ್ದ ಅಗಲವನ್ನು ನೆಲದ ಮೇಲೆ ಬರೆಯಿರಿ. ಬಾಗಿಲು ತೆರೆದಾಗ ಅದು ಸುತ್ತುವ ಕಮಾನನ್ನೂ ಬರೆಯಿರಿ. ಒಂದು ಸಂಜೆ ಆ ಗೆರೆ ತುಳಿಯದೆ ಮನೆಯವರೆಲ್ಲ ಓಡಾಡಲಿ. ಗೆರೆ ಎಲ್ಲಿ ಅಳಿಸಿದೆಯೋ ಅಲ್ಲಿ ಆ ಸಾಮಾನು ಬೇಡ.

ಹಿರಿಯರ ಆರೈಕೆ, ತುಮಕೂರು

ವಠಾರದ ದಿನಗಳ ಬಗ್ಗೆ ನನಗೂ ಪ್ರೀತಿಯಿದೆ. ಆದರೆ ಸುತ್ತಿಡುವ ಹಾಸಿಗೆಯ ಲೆಕ್ಕ ಮಂಡಿನೋವಿನ ಅತ್ತೆಗೆ ಹೊಂದುವುದಿಲ್ಲ. ಅವರ ಮಂಚ ಹಗಲೂ ರಾತ್ರಿಯೂ ಇದ್ದಲ್ಲೇ ಇರಬೇಕು. ಉಳಿದ ನಾಲ್ವರು ಗಡಿಯಾರದಂತೆ ನಡೆಯಲಿ.

ಹಾಸಿಗೆ ಸೇರಿ ಮಂಚದ ಎತ್ತರ 18ರಿಂದ 20 ಅಂಗುಲ ಇರಲಿ. ಅಂಚಿನಲ್ಲಿ ಕುಳಿತಾಗ ಎರಡೂ ಪಾದ ಪೂರ್ತಿ ನೆಲ ಮುಟ್ಟಬೇಕು. ತಗ್ಗಾದ ದಿವಾನ ಕೊಡಬೇಡಿ, ಅದರಿಂದ ಏಳುವುದೇ ಕಷ್ಟ. ಮಂಚದಿಂದ ಬಚ್ಚಲಿನವರೆಗೆ ಮೂರು ಅಡಿ ಅಗಲದ ದಾರಿ ಖಾಲಿ ಇರಲಿ, ನಾಳೆ ವಾಕರ್ ಬಂದರೂ ನಡೆಯಬೇಕು. ಆ ದಾರಿಯಲ್ಲಿ ಕಾಲೊರಸು, ಚಪ್ಪಲಿ, ಟೀಪಾಯಿ, ಮಗನ ಶಾಲಾಚೀಲ ಯಾವುದೂ ಬೇಡ. ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯಲಿ. ಜಾಗ ಉಳಿಸಲು ಹೋಗಿ ಈ ದಾರಿಯನ್ನು ಕಿರಿದು ಮಾಡಿದ ಮನೆಗಳಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರನ್ನು ನೋಡಿಕೊಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೋಣೆಯನ್ನು ಅತ್ತೆಗೂ ಮಗಳಿಗೂ ಕೊಟ್ಟು ನೀವಿಬ್ಬರು ಮಗನೊಂದಿಗೆ ಹಜಾರದಲ್ಲಿ ಮಲಗುವುದು ಸರಿ ಎನಿಸುತ್ತದೆ.

ಎರಡನೇ ಅಡ್ಡರಸ್ತೆ

ಕೊನೆಯ ಸಲಹೆಯನ್ನು ನಾನು ಒಪ್ಪಲಾರೆ. ಗಂಡ ಹೆಂಡತಿಗೂ ಮುಚ್ಚುವ ಒಂದು ಬಾಗಿಲು ಬೇಕು. ನಮ್ಮಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮನೆ ಹೊಂದಿಸುವಾಗ ಮೊದಲು ಬಿಟ್ಟುಕೊಡುವುದೂ ಅದನ್ನೇ. ಜಗಳವಾಡಲಿಕ್ಕೂ ಹಣದ ಮಾತಾಡಲಿಕ್ಕೂ ಮಕ್ಕಳ ಕಿವಿಗೆ ಬೀಳದ ಜಾಗ ಬೇಕಲ್ಲವೇ? ವರ್ಷಗಟ್ಟಲೆ ಹಜಾರದಲ್ಲಿ ಮಲಗಿದ ದಂಪತಿಯ ನಡುವೆ ಮಾತೇ ಕಡಿಮೆಯಾಗಿಬಿಡುತ್ತದೆ.

ಹಿರಿಯರ ಆರೈಕೆ, ತುಮಕೂರು

ನಿಮ್ಮ ಮಾತಿನಲ್ಲಿ ಸತ್ಯವಿದೆ. ನನಗೆ ಕಾಡುವುದು ಇನ್ನೊಂದು. ಹಜಾರದಲ್ಲಿ ಮಂಚ ಹಾಕಿದ ಮುದುಕಿಗೆ ಬಟ್ಟೆ ಬದಲಿಸಲು, ಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು, ಮಧ್ಯಾಹ್ನ ಬಾಯಿ ತೆರೆದು ನಿದ್ದೆ ಮಾಡಲು ಮರೆ ಇರುವುದಿಲ್ಲ. ಬಂದುಹೋಗುವವರೆಲ್ಲ ಅವರನ್ನು ದಾಟಿಕೊಂಡೇ ಹೋಗುತ್ತಾರೆ. ಅವರೂ ಏನೂ ಹೇಳುವುದಿಲ್ಲ.

ಪರೇಲ್ ಕನ್ನಡಿಗ

ನಾವು ಉಡುಪಿ ಕಡೆಯವರು. ಅಪ್ಪ ಮುಂಬೈಗೆ ಬಂದು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಇಲ್ಲಿ ವರಳಿ, ನಾಯಗಾಂವ್‌ನ ಬಿಡಿಡಿ ಚಾಳ್‌ಗಳಲ್ಲಿ, ಅಂದರೆ ಬ್ರಿಟಿಷರ ಕಾಲದ ಬಾಂಬೆ ಅಭಿವೃದ್ಧಿ ಇಲಾಖೆ ಕಟ್ಟಿಸಿದ ಸಾಲುಕೋಣೆಗಳ ವಠಾರಗಳಲ್ಲಿ, ಒಂದು ಕೋಣೆ ಎಂದರೆ 160 ಚದರ ಅಡಿ. 1920ರ ದಶಕದಲ್ಲಿ ಕಟ್ಟಿದ ಆ ಕಟ್ಟಡಗಳನ್ನು ಈಗ ಕೆಡವಿ ಪ್ರತಿ ಕುಟುಂಬಕ್ಕೆ 500 ಚದರ ಅಡಿಯ ಮನೆ ಕೊಡುವ ಕೆಲಸ ನಡೆದಿದೆ. ಅಂಥ ಒಂದು ಕೋಣೆಯಲ್ಲಿ ಮೂರು ತಲೆಮಾರು ಬಾಳಿದ ಮನೆಗಳು ನನಗೆ ಗೊತ್ತು.

ಅಲ್ಲಿ ಮಂಚದ ನಾಲ್ಕೂ ಕಾಲಿನ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸುತ್ತಿದ್ದರು. ಕೆಳಗೆ ಅಕ್ಕಿಯ ಡಬ್ಬ, ಟ್ರಂಕು. ರಾತ್ರಿ ಟ್ರಂಕು ಹೊರಗೆ ಜರುಗಿಸಿ ಆ ಜಾಗದಲ್ಲಿ ಒಬ್ಬ ಮಗ ಮಲಗುತ್ತಿದ್ದ. ಮಂಚದ ಸುತ್ತ ಹಳೆಯ ಸೀರೆಯ ಪರದೆ. ಆ ಪರದೆ ಬರೀ ಬಟ್ಟೆ, ಆದರೆ ಅದು ಎಳೆದಿದ್ದಾಗ ಒಳಗಿದ್ದವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಆ ಕಟ್ಟಳೆಯನ್ನು ಚಿಕ್ಕ ಮಕ್ಕಳಿಗೂ ಕಲಿಸಿದ್ದರು. ನಿಮ್ಮ ಮನೆಗೂ ಅದೇ ಸಾಕಾಗಬಹುದು: ಪರದೆ, ಮತ್ತು ಅದನ್ನು ಗೌರವಿಸುವ ಅಭ್ಯಾಸ. ಗೋಡೆಗೆ ಮೊಳೆ ಬೇಡ. ನೆಲದ ಮೇಲೆ ನಿಲ್ಲುವ ಕಬ್ಬಿಣದ ಚೌಕಟ್ಟು, ಅಂಗಡಿಗಳಲ್ಲಿ ಬಟ್ಟೆ ತೂಗುಹಾಕುವಂಥದ್ದು, ಆರಡಿ ಎತ್ತರದ್ದು ತಂದರೆ ಆಯಿತು. ಅದರ ಪಾದಗಳು ಮಂಚದ ಕೆಳಗೆ ಹೋಗುವಂತಿರಲಿ, ಕಾಲಿಗೆ ಎಡವಬಾರದು.

ಮತ್ತೆ, ಎಲ್ಲಿ ಮಲಗುತ್ತೀರಿ ಎಂದು ಅತ್ತೆಯನ್ನೇ ಕೇಳಿದ್ದೀರಾ?

ವಿಜಯನಗರ ಮೊದಲ ಮಹಡಿ

ನಿನ್ನೆ ಫೋನಿನಲ್ಲಿ ಕೇಳಿದೆ. ಕೋಣೆ ಬೇಡ ಎಂದರು. ರಸ್ತೆ ಕಾಣುವ ಕಿಟಕಿಯ ಪಕ್ಕ ಮಂಚ ಇದ್ದರೆ ಹೊತ್ತು ಹೋಗುತ್ತದಂತೆ, ಸೊಪ್ಪಿನವಳು ಬಂದರೆ ಅಲ್ಲಿಂದಲೇ ಕೂಗಬಹುದಂತೆ. ಆಮೇಲೆ ಸ್ವಲ್ಪ ತಡೆದು, ಮಧ್ಯಾಹ್ನ ಮಲಗಿದಾಗ ನೆಂಟರು ಬಂದರೆ ಏನು ಮಾಡಲಿ ಎಂದರು. ಪರದೆಯ ಮಾತು ಹೇಳಿದೆ. ದನಿಯಲ್ಲಿ ಸಮಾಧಾನ ಕೇಳಿಸಿತು. ಬೀಟೆ ಪೆಟ್ಟಿಗೆ ಮಾತ್ರ ಕೈಗೆಟುಕುವಂತೆ ಇರಲಿ ಎಂದರು. ಅದರ ಎತ್ತರ 17 ಅಂಗುಲ. ಮಂಚದ ತಲೆಯ ಕಡೆ ಇಟ್ಟರೆ ಔಷಧಿ, ನೀರಿನ ಲೋಟ, ಕನ್ನಡಕ ಇಡಲಿಕ್ಕೂ ಆಯಿತು, ಬಂದವರು ಕುಳಿತು ಮಾತಾಡಲಿಕ್ಕೂ ಆಯಿತು.

ರಂಗೋಲಿ ಪುಡಿಯಲ್ಲಿ ಬರೆದು ನೋಡಿದೆವು. 3×6½ ಅಡಿಯ ಮಂಚ ಕಿಟಕಿಯ ಗೋಡೆಗೆ ಸರಿಹೋಗುತ್ತದೆ, ಆದರೆ ಸೋಫಾ ಮತ್ತು ಊಟದ ಮೇಜು ಎರಡೂ ಇದ್ದರೆ ಬಚ್ಚಲಿನ ದಾರಿಗೆ ಮೂರು ಅಡಿ ಸಿಗುವುದಿಲ್ಲ. ಮೇಜನ್ನು ಮಾರುತ್ತೇವೆ. ನಾವು ನಾಲ್ವರು ನೆಲದ ಮೇಲೆ ಚಾಪೆ ಹಾಸಿ ಊಟ ಮಾಡುತ್ತೇವೆ, ಅತ್ತೆಗೆ ಮಂಚದ ಮೇಲೆಯೇ ಕುಳಿತು ಉಣ್ಣಲು ಮಡಚುವ ಸಣ್ಣ ಮೇಜು ತರುತ್ತೇವೆ.

ಮಕ್ಕಳಿಬ್ಬರಿಗೆ ಅಂತಸ್ತಿನ ಮಂಚ ತಂದು ಹಜಾರದಲ್ಲಿ ಹಾಕುವ ಯೋಚನೆ ಗಂಡನದು. ಸರಿಯೇ?

ಮರಗೆಲಸ ಹಾಸನ

ಬೇಡ. ನಿಮ್ಮ ಸೂರು ಎಷ್ಟು ಎತ್ತರವೋ ತಿಳಿಯದು. ಈ ಅಳತೆಯ ಮನೆಗಳಲ್ಲಿ ಒಂಬತ್ತೂವರೆ ಹತ್ತು ಅಡಿಗಿಂತ ಹೆಚ್ಚಿರುವುದು ಅಪರೂಪ. ಮೇಲಿನ ಹಾಸಿಗೆ ಐದು ಅಡಿ ಎತ್ತರಕ್ಕೆ ಬಂತು ಎನ್ನಿ. ಅದರ ಮೇಲೆ ಕುಳಿತ ಹುಡುಗನ ತಲೆ ಎಂಟು ಅಡಿಯ ಹತ್ತಿರ ಬರುತ್ತದೆ. ಫ್ಯಾನಿನ ರೆಕ್ಕೆ ಇರುವುದೂ ಅಲ್ಲೇ. ನಿದ್ದೆಗಣ್ಣಿನಲ್ಲಿ ಕೈ ಮೇಲೆತ್ತಿದರೆ ಗತಿಯೇನು? ಅಂತಸ್ತಿನ ಮಂಚ ಬೇಕೇ ಬೇಕೆಂದರೆ ಸೂರಿನ ಫ್ಯಾನು ಬಿಚ್ಚಿ ಗೋಡೆಯ ಫ್ಯಾನು ಹಾಕಿಸಬೇಕು, ಅದಕ್ಕೆ ನಿಮ್ಮ ಮಾಲೀಕರು ಒಪ್ಪಬೇಕು. ಮೇಲಾಗಿ ಅಂಥ ಮಂಚ ಒಮ್ಮೆ ಕೂತರೆ ಹಗಲಿನಲ್ಲೂ ಹಜಾರದ ಅಷ್ಟು ನೆಲ ಅದರದೇ.

ಮಗಳು ಕೋಣೆಯಲ್ಲಿ ನಿಮ್ಮೊಂದಿಗೋ ಹಜಾರದಲ್ಲೋ ಎಂಬುದು ನಿಮಗೆ ಬಿಟ್ಟದ್ದು. ಮಕ್ಕಳಿಗೆ ನಾಲ್ಕು ಅಂಗುಲದ ಹತ್ತಿ ಹಾಸಿಗೆ ಸಾಕು. ಹಗಲು ಅದನ್ನು ಮೂರು ಮಡಿಕೆ ಮಾಡಿ ದೊಡ್ಡ ಮಂಚದ ಕೆಳಗೆ ತಳ್ಳಿ. ಮಂಚದ ಕೆಳಗೆ ಪೆಟ್ಟಿಗೆ ಮಾಡಿ ಮುಚ್ಚಿಸಬೇಡಿ. ಹಾಸಿಗೆ ಎತ್ತಿ ತೆಗೆಯುವ ಪೆಟ್ಟಿಗೆಯೊಳಗೆ ಹೋದ ಸಾಮಾನು ವರ್ಷಕ್ಕೊಮ್ಮೆಯೂ ಹೊರಗೆ ಬರುವುದಿಲ್ಲ.

ಶಿರಸಿ ಮಳೆಗಾಲ

ಒಂದು ಸಣ್ಣ ಮಾತು. ಹಾಸಿಗೆಯನ್ನು ಮೈ ಬಿಸಿ ಆರುವ ಮೊದಲೇ ಸುತ್ತಿಟ್ಟರೆ ಒಳಗೆ ತೇವ ಉಳಿಯುತ್ತದೆ; ಅರ್ಧ ಗಂಟೆ ಹರಡಿರಲಿ. ಹೊರಗೋಡೆಗೆ ಬೀರುವನ್ನು ಒತ್ತಿ ನಿಲ್ಲಿಸಬೇಡಿ, ಎರಡು ಅಂಗುಲ ಬಿಡಿ. ನಮ್ಮ ಕಡೆ ಆಷಾಢದಲ್ಲಿ ಆ ಸಂದಿಯಲ್ಲಿ ಬೂಸ್ಟು ಬಂದು ರೇಷ್ಮೆ ಸೀರೆಗೆ ದಾಟುತ್ತದೆ. ಬೆಂಗಳೂರಿನಲ್ಲಿ ಅಷ್ಟಿಲ್ಲದಿದ್ದರೂ ಕಿಟಕಿ ಮುಚ್ಚಿ ಒಳಗೇ ಬಟ್ಟೆ ಒಣಗಿಸುವ ಮನೆಗಳಲ್ಲಿ ಇದೇ ಕಥೆ.

ಮೈಸೂರು ಗೊಂಬೆ ಮೆಟ್ಟಿಲು

ಗೊಂಬೆಗಳ ಬಗ್ಗೆ ಯಾರೂ ಹೇಳಲಿಲ್ಲ. ಅವನ್ನು ಬಿಡುವುದಿಲ್ಲ ಎಂದು ನೀವು ಬರೆದದ್ದು ಓದಿ ತುಂಬ ಸಂತೋಷವಾಯಿತು.

ಗೊಂಬೆ ಕೂರಿಸಲು ಪ್ರತ್ಯೇಕ ಮೆಟ್ಟಿಲು ಕೊಳ್ಳಬೇಡಿ. ಗೊಂಬೆ ಇಡುವ ಪೆಟ್ಟಿಗೆಗಳೇ ಮೆಟ್ಟಿಲಾಗುವಂತೆ ನೋಡಿಕೊಳ್ಳಿ. ನಮ್ಮಲ್ಲಿ ಒಂದೇ ಅಳತೆಯ ತಗಡಿನ ಟ್ರಂಕುಗಳಿವೆ. ನವರಾತ್ರಿಯ ಹಿಂದಿನ ದಿನ ಸಜ್ಜೆಯಿಂದ ಇಳಿಸಿ, ಗೊಂಬೆಗಳನ್ನು ಹೊರಗೆ ತೆಗೆದು, ಖಾಲಿ ಟ್ರಂಕುಗಳನ್ನು ಗೋಡೆಗೆ ಒತ್ತಿ ಹಿಂದೆ ಮೂರು, ಅದರ ಮುಂದೆ ಎರಡು, ಅದರ ಮುಂದೆ ಒಂದು ಎಂಬಂತೆ ಪೇರಿಸಿ ಮೇಲೆ ಬಿಳಿ ಪಂಚೆ ಹಾಸುತ್ತೇವೆ. ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಿಗೆ. ಹಬ್ಬ ಮುಗಿದ ಮೇಲೆ ಗೊಂಬೆಗಳು ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಅದೇ ಟ್ರಂಕಿಗೆ ಹೋಗುತ್ತವೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಬೇಡಿ, ಮಣ್ಣಿನ ಗೊಂಬೆಯ ಬಣ್ಣ ಅದಕ್ಕೇ ಅಂಟಿ ಬರುತ್ತದೆ. ಟ್ರಂಕಿನ ಮುಂಭಾಗದಲ್ಲಿ ಒಳಗೇನಿದೆ ಎಂದು ಬರೆದ ಚೀಟಿ ಅಂಟಿಸಿ. ಸಜ್ಜೆಯ ಮೇಲಿರುವ ಯಾವ ಪೆಟ್ಟಿಗೆಗೂ ಚೀಟಿ ಇರಲೇಬೇಕು, ಇಲ್ಲವಾದರೆ ಒಂದು ಜರಡಿ ಹುಡುಕಲು ಎಲ್ಲವನ್ನೂ ಇಳಿಸಬೇಕಾಗುತ್ತದೆ.

ಸಜ್ಜೆಯ ಹಿಂದಿನ ಸಾಲಿಗೆ ವರ್ಷಕ್ಕೊಮ್ಮೆ ಬೇಕಾಗುವುದು, ಮುಂದಿನ ಸಾಲಿಗೆ ತಿಂಗಳಿಗೊಮ್ಮೆ ಬೇಕಾಗುವುದು. ಭಾರದ್ದು ಮೇಲೆ ಬೇಡ. ಹಂಡೆಯನ್ನು ಬಾಗಿಲ ಪಕ್ಕ ಇಟ್ಟು ಛತ್ರಿ, ಚಪಾತಿ ಮಣೆ, ಕ್ರಿಕೆಟ್ ಬ್ಯಾಟು ನಿಲ್ಲಿಸಿದವರನ್ನು ನೋಡಿದ್ದೇನೆ. ನನಗದು ಹಿಡಿಸುವುದಿಲ್ಲ. ಅಡುಗೆಮನೆಯಲ್ಲಿ ಇಟ್ಟು ಅಕ್ಕಿ ತುಂಬಿಸಿ. ಅಕ್ಕಿಯ ದೊಡ್ಡ ಚೀಲ ತಂದರೆ ಚಿಕ್ಕ ಅಡುಗೆಮನೆಯಲ್ಲಿ ಅದನ್ನು ಇಡುವುದೇ ಒಂದು ಸಮಸ್ಯೆ. ಒಳಗೆ ಚೆನ್ನಾಗಿ ಒರೆಸಿ ಒಣಗಿಸಿ, ಒಂದು ಹಿಡಿ ಒಣ ಬೇವಿನ ಎಲೆ ಹಾಕಿ, ತಟ್ಟೆ ಮುಚ್ಚಿ. ಅತ್ತೆಯವರಿಗೂ ತಮ್ಮ ಪಾತ್ರೆ ದಿನಾ ಬಳಕೆಯಲ್ಲಿದೆ ಎಂಬ ನೆಮ್ಮದಿ.

ಗ್ಯಾಸ್ ಸುರಕ್ಷತೆ

6×8 ಅಡುಗೆಮನೆ ಎಂದಿರಿ. ಜಾಗ ಉಳಿಸಲು ಸಿಲಿಂಡರನ್ನು ಕಟ್ಟೆಯ ಕೆಳಗೆ ಬಾಗಿಲು ಹಾಕಿ ಮುಚ್ಚುವವರು ಬಹಳ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಬಾಗಿಲು ಹಾಕಲೇಬೇಕೆಂದರೆ ಅದರ ಕೆಳ ಅಂಚಿನಲ್ಲಿ ಗಾಳಿಗಂಡಿ ಇರಲಿ. ಸಿಲಿಂಡರ್ ಸದಾ ನೇರ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಅದರ ಪಕ್ಕದಲ್ಲೇ ಹಳೆಯ ಪತ್ರಿಕೆ, ಸೀಮೆಎಣ್ಣೆ, ಫ್ರಿಜ್ಜಿನ ಪ್ಲಗ್ಗು ಬೇಡ. ಬೇರೆ ಎಲ್ಲಿ ಬೇಕಾದರೂ ಅಂಗುಲ ಅಂಗುಲ ಉಳಿಸಿ, ಇಲ್ಲಿ ಮಾತ್ರ ಬೇಡ.

ಎರಡನೇ ಅಡ್ಡರಸ್ತೆ

ಬಟ್ಟೆ ತೊಳೆಯುವ ಯಂತ್ರ ಕೊಳ್ಳುವ ಆಲೋಚನೆ ಇದ್ದರೆ, ಮುಂದಿನಿಂದ ಬಟ್ಟೆ ಹಾಕುವ ಯಂತ್ರದ ಎತ್ತರ ಸಾಮಾನ್ಯವಾಗಿ 85 ಸೆಂಟಿಮೀಟರ್. ಅಡುಗೆ ಕಟ್ಟೆಗಳು 32ರಿಂದ 34 ಅಂಗುಲ ಇರುತ್ತವೆ, ಕಲ್ಲಿನ ದಪ್ಪ ಕಳೆದರೆ ಕೆಳಗೆ ಅದು ಹಿಡಿಸುವುದಿಲ್ಲ. ಅಂಗಡಿಗೆ ಹೋಗುವ ಮೊದಲು ಕಟ್ಟೆಯ ಕೆಳಗಿನ ಎತ್ತರ ಅಳೆಯಿರಿ.

ಪ್ರೌಢಶಾಲೆ ಶಿಕ್ಷಕಿ

ಮಗಳ ಓದಿನ ಬಗ್ಗೆ. ಅವಳಿಗೆ ಬೇಕಾದದ್ದು ದೊಡ್ಡ ಮೇಜಲ್ಲ. ಪುಸ್ತಕ ತೆರೆದಿಟ್ಟು ಎದ್ದುಹೋದರೆ ವಾಪಸು ಬರುವಾಗ ಅದು ಅಲ್ಲೇ ಇರಬೇಕು, ತಮ್ಮ ಅದರ ಮೇಲೆ ಕೂತಿರಬಾರದು. ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಹಲಗೆ ಸಾಕು, ಆದರೆ ಅದು ಅವಳೊಬ್ಬಳದೇ ಆಗಿರಲಿ. ಅಡುಗೆಮನೆಯಲ್ಲಿ ಕೂತು ಓದು ಎಂದು ಹೇಳಬೇಡಿ. ನನ್ನ ತರಗತಿಯಲ್ಲಿ ಹಾಗೆ ಓದುವ ಹುಡುಗಿಯರಿದ್ದಾರೆ, ಗಂಡುಮಕ್ಕಳು ಮಾತ್ರ ಯಾರೂ ಇಲ್ಲ. ನಡುನಡುವೆ ಹಾಲು ನೋಡು, ಕುಕ್ಕರ್ ಇಳಿಸು ಎಂಬ ಮಾತು ಬಂದೇ ಬರುತ್ತದೆ.

ಟಿವಿ ಹಜಾರದಲ್ಲಿರುವುದರಿಂದ ಅವಳ ಜಾಗ ಕೋಣೆಯಲ್ಲೇ ಆಗಬೇಕು. ಸಂಜೆ ಆರರಿಂದ ಒಂಬತ್ತರವರೆಗೆ ಕೋಣೆ ಅವಳದು, ಬಾಗಿಲು ಮುಚ್ಚಿರಲಿ. ಆ ಹೊತ್ತಿನಲ್ಲಿ ನೀವಿಬ್ಬರು ಕೋಣೆ ಬಳಸುವುದೂ ಇಲ್ಲವಲ್ಲ. ಗವಿಪುರದವರು ಹೇಳಿದ ಹಾಳೆಯಲ್ಲಿ ಇದನ್ನು ಮೊದಲ ಸಾಲಾಗಿ ಬರೆಯಿರಿ.

ವಿಜಯನಗರ ಮೊದಲ ಮಹಡಿ

ಬರೆದೆ. ಅಡುಗೆಮನೆಯ ಬಗ್ಗೆ ನೀವು ಹೇಳಿದ್ದು ಮನಸ್ಸಿಗೆ ನಾಟಿತು, ಗಂಡನಿಗೂ ಓದಿ ಹೇಳಿದೆ.

ಒಂದು ಯೋಚನೆ ಹೊಳೆದಿದೆ. ಕಡಪ ಕಲ್ಲಿನ ಕಪಾಟಿನ ಎರಡನೇ ಅಂತಸ್ತು ಮೇಜಿನ ಎತ್ತರದಲ್ಲೇ ಇದೆ. ಅದರ ಮೇಲೆ ಒಂದು ಹಲಗೆ ಇಟ್ಟು ಅರ್ಧ ಹೊರಗೆ ಚಾಚಿಸಿದರೆ? ಮೊಳೆಯೂ ಬೇಡ, ಓದು ಮುಗಿದ ಮೇಲೆ ಒಳಗೆ ತಳ್ಳಬಹುದು.

ಮರಗೆಲಸ ಹಾಸನ

ಯೋಚನೆ ಒಳ್ಳೆಯದು, ಆದರೆ ಹಾಗೆಯೇ ಮಾಡಬೇಡಿ. ಚಾಚಿದ ತುದಿಯ ಮೇಲೆ ಮಗು ಮೊಣಕೈ ಊರಿದರೆ ಹಲಗೆ ಮುಗ್ಗರಿಸುತ್ತದೆ, ಭಾರವೆಲ್ಲ ಕಲ್ಲಿನ ಮುಂದಿನ ಅಂಚಿಗೆ ಬೀಳುತ್ತದೆ. ಮರವಾದರೆ ಬಗ್ಗಿ ಮುನ್ಸೂಚನೆ ಕೊಡುತ್ತದೆ. ಕಡಪ ಕಲ್ಲು ಬಗ್ಗುವುದಿಲ್ಲ, ಒಮ್ಮೆಲೇ ಮುರಿಯುತ್ತದೆ.

ಹಲಗೆಯ ಮುಂದಿನ ತುದಿಗೆ ಕೀಲು ಹಾಕಿದ ಎರಡು ಮಡಚುವ ಕಾಲು ಕೊಡಿಸಿ. ಹಿಂದಿನ ಒಂಬತ್ತು ಅಂಗುಲ ಕಲ್ಲಿನ ಮೇಲೆ ಕೂರಲಿ, ಮುಂದಿನ ಭಾರವನ್ನು ಕಾಲುಗಳು ಹೊರಲಿ. ಕಲ್ಲಿಗೂ ಹಲಗೆಗೂ ನಡುವೆ ಹಳೆಯ ರಬ್ಬರ್ ಹಾಳೆಯ ತುಂಡು ಇಡಿ, ಜಾರುವುದಿಲ್ಲ. ಹಲಗೆಯ ಅಡಿಯಲ್ಲಿ, ಕಲ್ಲಿನ ಅಂಚಿಗೆ ತಾಗಿ ನಿಲ್ಲುವಂತೆ ಒಂದು ಅಡ್ಡಪಟ್ಟಿ ಬಡಿಸಿ, ಹಿಂದಕ್ಕೆ ಸರಿಯುವುದಿಲ್ಲ. ಓದು ಮುಗಿದ ಮೇಲೆ ಕಾಲು ಮಡಚಿ ಹಲಗೆಯನ್ನು ಬೀರುವಿನ ಪಕ್ಕದ ಸಂದಿಯಲ್ಲಿ ನಿಲ್ಲಿಸಿ. ಪುಸ್ತಕಗಳು ಕಪಾಟಿನಲ್ಲೇ ತೆರೆದಿರಲಿ, ಆ ಅಂತಸ್ತು ಪೂರ್ತಿ ಅವಳದು.

18 ಮಿಲಿಮೀಟರ್ ಪ್ಲೈವುಡ್ ಸಾಕು. ನೀರು ತಾಗದ ಜಾಗವಾದ್ದರಿಂದ ನೀರು ತಡೆಯುವ ದುಬಾರಿಯ ಐಎಸ್ 710 ದರ್ಜೆ ಬೇಕಿಲ್ಲ. ಅಂಗಡಿಯಲ್ಲಿ ತುಂಡು ಹಾಳೆಗಳಿರುತ್ತವೆ, ಕೇಳಿ. ಪೂರ್ತಿ 8×4 ಹಾಳೆ ಕೊಳ್ಳಬೇಡಿ. ಕಲ್ಲಿನ ಮೇಲ್ಮೈ ನೆಲದಿಂದ ಎಷ್ಟು ಎತ್ತರ, ಕಲ್ಲಿನ ಆಳ ಎಷ್ಟು ಎಂದು ಅಳೆದು ಬರೆಯಿರಿ.

ವಿಜಯನಗರ ಮೊದಲ ಮಹಡಿ

ಎತ್ತರ 28½ ಅಂಗುಲ, ಆಳ 16.

ಮರಗೆಲಸ ಹಾಸನ

ಹಾಗಾದರೆ ಹಲಗೆ 30 ಅಂಗುಲ ಅಗಲ, 27 ಅಂಗುಲ ಆಳ. ಒಂಬತ್ತು ಕಲ್ಲಿನ ಮೇಲೆ, ಹದಿನೆಂಟು ಹೊರಗೆ. ಕಲ್ಲಿನ ಹಿಂಭಾಗದಲ್ಲಿ ಉಳಿಯುವ ಏಳು ಅಂಗುಲದಲ್ಲಿ ಪುಸ್ತಕ ನಿಲ್ಲಿಸಬಹುದು. ಕಾಲುಗಳನ್ನು ರಬ್ಬರ್ ದಪ್ಪ ಸೇರಿಸಿ 28½ಕ್ಕಿಂತ ಒಂದೆಳೆ ಹೆಚ್ಚು ಕತ್ತರಿಸಿ ಎಂದು ನಿಮ್ಮ ಬಡಗಿಗೆ ಹೇಳಿ. ಕಡಿಮೆಯಾದರೆ ಸೇರಿಸಲಾಗದು, ಹೆಚ್ಚಾದರೆ ಉಜ್ಜಬಹುದು. ಮಡಚುವ ಕಾಲಿಗೆ ತಾಳು ಇರುವ ಕೀಲನ್ನೇ ತರಿಸಿ, ಬರೀ ಕೀಲಾದರೆ ಕಾಲು ತಾಗಿದಾಗ ಮಡಚಿಕೊಳ್ಳುತ್ತದೆ. ಅಂಚುಗಳನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿಸಿ, ಮಗಳ ಮುಂಗೈ ದಿನಾ ಅಲ್ಲೇ ಊರುತ್ತದೆ.